ಹಾಸನದಲ್ಲಿ ‘ಯುದ್ಧ ಬೇಡ’ ಎನ್ನಲು ಏನೇನು ಬೇಕು? ಠಾಣೆಯ ಸೀಲಿನಿಂದ ಸಂಜೆಯ ಬಿಡುಗಡೆವರೆಗೆ

ಕಾಡಾನೆ ಹಾವಳಿ, ತೆಂಗಿನ ಬೆಲೆ, ನಾಲೆ ನೀರು, ಆಲೂಗಡ್ಡೆಗೆ ಬಿದ್ದ ಅಂಗಮಾರಿ. ಇಂಥ ವಿಷಯಕ್ಕೆ ಪ್ರತಿಭಟನೆ ಎಂದರೆ ಹಾಸನದ ಪೊಲೀಸರಿಗೆ ಯಾರೂ ಏನೂ ಹೇಳಿಕೊಡಬೇಕಿಲ್ಲ. ಹೇಮಾವತಿ ಪ್ರತಿಮೆ ಹತ್ತಿರ ಜನ ಸೇರುತ್ತಾರೆ, ಡಿಸಿ ಕಚೇರಿವರೆಗೆ ನಡೆಯುತ್ತಾರೆ, ಒಳಗಿಂದ ಒಬ್ಬ ಅಧಿಕಾರಿ ಬಂದು ಮನವಿ ಪತ್ರ ಈಸಿಕೊಳ್ಳುತ್ತಾರೆ, ಫೋಟೊ ಆಗುತ್ತದೆ, ಎಲ್ಲರೂ ಟೀ ಕುಡಿದು ಬಸ್ಸು ಹತ್ತುತ್ತಾರೆ. ಆದರೆ ಫಲಕದ ಮೇಲೆ ಗಾಜಾ ಅಂತಲೋ ಉಕ್ರೇನ್ ಅಂತಲೋ ಬರೆದರೆ ಠಾಣೆಯಲ್ಲಿ ಬರುವ ಮೊದಲ ಪ್ರಶ್ನೆಯೇ ಬೇರೆ: “ಅಲ್ಲಾ ಸಾರ್, ಅಲ್ಲೆಲ್ಲೋ ಯುದ್ಧ ಆದ್ರೆ ಹಾಸನಕ್ಕೇನ್ ಸಂಬಂಧ?”

ಈ ಪ್ರಶ್ನೆಗೆ ಸಿಟ್ಟಾಗಬೇಡಿ, ಉತ್ತರ ಇಟ್ಟುಕೊಳ್ಳಿ. ಸಂವಿಧಾನದ 51ನೇ ವಿಧಿ ಅಂತರರಾಷ್ಟ್ರೀಯ ಶಾಂತಿಗಾಗಿ ಶ್ರಮಿಸುವಂತೆ ಸರ್ಕಾರಕ್ಕೇ ಹೇಳುತ್ತದೆ. ಆ ಕೆಲಸ ಮಾಡಿ ಎಂದು ಸರ್ಕಾರವನ್ನು ಕೇಳುವುದು ಹಾಸನದ ನಾಗರಿಕನ ಕೆಲಸವೂ ಹೌದು. ಇನ್ನು ಸಂಬಂಧದ ಮಾತು. 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ದಾಳಿಗೆ ಸಿಕ್ಕಿ ಸತ್ತದ್ದು ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ. ಗಲ್ಫ್ ದೇಶಗಳಲ್ಲಿ ದುಡಿಯುವ ಮಕ್ಕಳಿರುವ ಮನೆಗಳು ಹಾಸನದಲ್ಲೂ ಇವೆ. ಇಷ್ಟು ಸಾಕು, ಭಾಷಣ ಬೇಡ.

ಉಳಿದದ್ದೆಲ್ಲ ಕಾಗದದ ಕೆಲಸ. ಪ್ರತಿಭಟನೆಯ ಭವಿಷ್ಯ ಆ ದಿನದ ಘೋಷಣೆಯಲ್ಲಿ ತೀರ್ಮಾನವಾಗುವುದಿಲ್ಲ, ಅದಕ್ಕೆ ವಾರ ಮುಂಚೆ ಬಿದ್ದ ಸೀಲಿನಲ್ಲಿ ತೀರ್ಮಾನವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೇ ಈ ಬರಹದಲ್ಲಿ ಬೀದಿಗಿಂತ ಟಪಾಲು ವಿಭಾಗದ ಮಾತೇ ಹೆಚ್ಚು.

ದಿನ ಮತ್ತು ಜಾಗ

ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳನ್ನು ಬಿಟ್ಟುಬಿಡಿ. ಆಶ್ವಯುಜದ ಹುಣ್ಣಿಮೆ ಕಳೆದ ಗುರುವಾರದಿಂದ ಬಲಿಪಾಡ್ಯಮಿ ಮುಗಿಯುವವರೆಗೆ ಊರಿನ ಪೊಲೀಸರೆಲ್ಲ ದೇವಸ್ಥಾನದ ಸಾಲಿನಲ್ಲಿರುತ್ತಾರೆ. ಬಂದೋಬಸ್ತಿಗೆ ಜನ ಇಲ್ಲ ಎಂಬ ಕಾರಣ ಆಗ ನಿಜವೂ ಹೌದು, ಕೋರ್ಟಿನಲ್ಲಿ ನಿಲ್ಲುವಂಥದ್ದೂ ಹೌದು. ಚಿಕ್ಕಮಗಳೂರಿನವರು ಡಿಸೆಂಬರಿನ ದತ್ತ ಜಯಂತಿಯ ವಾರವನ್ನು ಇದೇ ರೀತಿ ದೂರ ಇಡಬೇಕು. ಚುನಾವಣೆ ನೀತಿಸಂಹಿತೆ ಇದ್ದರೆ ಚುನಾವಣಾಧಿಕಾರಿಯ ಅನುಮತಿಯೂ ಸೇರಿಕೊಳ್ಳುತ್ತದೆ.

ಬೆಂಗಳೂರಿನಲ್ಲಿ ಫ್ರೀಡಂ ಪಾರ್ಕ್ ಬಿಟ್ಟು ಬೇರೆಲ್ಲೂ ಪ್ರತಿಭಟನೆ ಮಾಡುವಂತಿಲ್ಲ ಎಂಬ 2021ರ ಆದೇಶ ಬೆಂಗಳೂರು ನಗರಕ್ಕೆ ಮಾತ್ರ. ಅದನ್ನು ಇಲ್ಲಿ ಯಾರಾದರೂ ಹೇಳಿದರೆ ನಗುತ್ತಲೇ ತಿದ್ದಿ. ಹಾಸನದಲ್ಲಿ ಹೇಮಾವತಿ ಪ್ರತಿಮೆ, ಎನ್.ಆರ್. ವೃತ್ತ, ಡಿಸಿ ಕಚೇರಿ ಎದುರು, ಚಿಕ್ಕಮಗಳೂರಿನಲ್ಲಿ ಆಜಾದ್ ಪಾರ್ಕ್ ವೃತ್ತ ರೂಢಿಯ ಜಾಗಗಳು. ರೂಢಿಯ ಜಾಗವನ್ನೇ ಕೇಳಿ. ಕಳೆದ ತಿಂಗಳು ಬೇರೆ ಸಂಘಟನೆಗೆ ಕೊಟ್ಟ ಜಾಗವನ್ನು ನಿಮಗೆ ಕೊಡುವುದಿಲ್ಲ ಎನ್ನಬೇಕಾದರೆ ಅವರು ಕಾರಣ ಹುಡುಕಬೇಕಾಗುತ್ತದೆ. ಪಾರ್ಕು, ಮೈದಾನವಾದರೆ ಅದನ್ನು ನೋಡಿಕೊಳ್ಳುವ ಇಲಾಖೆಯ ಒಪ್ಪಿಗೆ ಬೇರೆಯಾಗಿ ಬೇಕು. 2003ರ ಫೆಬ್ರುವರಿ 15ರಂದು ಇರಾಕ್ ಯುದ್ಧದ ವಿರುದ್ಧ ಲಂಡನ್ನಿನಲ್ಲಿ ಲಕ್ಷಗಟ್ಟಲೆ ಜನ ಸೇರುವ ಮುನ್ನ, ಹೈಡ್ ಪಾರ್ಕ್ ಕೊಟ್ಟರೆ ಹುಲ್ಲು ಹಾಳಾಗುತ್ತದೆ ಎಂಬ ತಕರಾರು ಬಂದಿತ್ತು. ಕೊನೆಗೆ ಕೊಟ್ಟರು. ಅಧಿಕಾರಿಗಳ ಕಾರಣಗಳು ದೇಶ ಬಿಟ್ಟು ದೇಶಕ್ಕೂ ಹೆಚ್ಚು ಬದಲಾಗುವುದಿಲ್ಲ.

ಬಿ.ಎಂ. (ಬೆಂಗಳೂರು–ಮಂಗಳೂರು) ರಸ್ತೆಯಲ್ಲಿ ಕೂರುವ ಆಲೋಚನೆ ಇದ್ದರೆ ಕೈಬಿಡಿ. ಶಾಹೀನ್ ಬಾಗ್ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದಿಡುವಂತಿಲ್ಲ ಎಂದಿದೆ. ಆಂಬುಲೆನ್ಸ್ ನಿಂತರೆ ಊರಿನ ಸಹಾನುಭೂತಿಯೂ ಅಲ್ಲೇ ನಿಲ್ಲುತ್ತದೆ. ರಸ್ತೆಯ ಒಂದು ಬದಿ, ಎರಡು ಗಂಟೆ ಹೊತ್ತು, ಅಷ್ಟೇ ಕೇಳಿ.

ಪತ್ರ

ಶಾಂತಿಯಿಂದ, ಆಯುಧ ಇಲ್ಲದೆ ಸಭೆ ಸೇರುವ ಹಕ್ಕು 19ನೇ ವಿಧಿಯ 1(ಬಿ)ಯಲ್ಲಿದೆ. ಅದನ್ನು ಇನ್ಸ್‌ಪೆಕ್ಟರ್ ದಯಪಾಲಿಸುವುದಲ್ಲ. ಆದರೆ ಮೆರವಣಿಗೆಯ ದಾರಿ, ಸಮಯ, ರೀತಿಯನ್ನು ನಿಯಂತ್ರಿಸುವ ಅಧಿಕಾರ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಅವರಿಗಿದೆ. ಅಹಮದಾಬಾದಿನ ಪ್ರಕರಣವೊಂದರಲ್ಲಿ 1972ರಲ್ಲೇ ಸುಪ್ರೀಂ ಕೋರ್ಟ್ ಈ ಗಡಿಯನ್ನು ಗುರುತಿಸಿದೆ: ಬೀದಿಯ ಸಭೆಯನ್ನು ನಿಯಂತ್ರಿಸಬಹುದು, ಮನಬಂದಂತೆ ಪೂರ್ತಿ ನಿಷೇಧಿಸುವಂತಿಲ್ಲ. ನಿಮ್ಮ ಪತ್ರವೂ ಈ ಗಡಿಯ ಮೇಲೆಯೇ ನಿಲ್ಲಬೇಕು. ಬೇಡುವ ದನಿಯೂ ಬೇಡ, ಸವಾಲಿನ ದನಿಯೂ ಬೇಡ.

ಒಂದು ಮಾದರಿ ಇಲ್ಲಿದೆ, ಹಾಗೇ ಬಳಸಿಕೊಳ್ಳಿ:

“ಇವರಿಗೆ, ಪೊಲೀಸ್ ಇನ್ಸ್‌ಪೆಕ್ಟರ್ ಅವರು, ______ ಪೊಲೀಸ್ ಠಾಣೆ, ಹಾಸನ.
ವಿಷಯ: ಯುದ್ಧ ವಿರೋಧಿಸಿ ಶಾಂತಿಯುತ ಪ್ರತಿಭಟನೆ ನಡೆಸುವ ಬಗ್ಗೆ ಮಾಹಿತಿ, ಧ್ವನಿವರ್ಧಕಕ್ಕೆ ಅನುಮತಿ ಹಾಗೂ ಬಂದೋಬಸ್ತ್ ಕೋರಿ.
ಮಾನ್ಯರೇ, ದಿನಾಂಕ ______ರಂದು ಬೆಳಿಗ್ಗೆ 11ರಿಂದ ಮಧ್ಯಾಹ್ನ 1ರವರೆಗೆ ಹೇಮಾವತಿ ಪ್ರತಿಮೆಯಿಂದ ಜಿಲ್ಲಾಧಿಕಾರಿಗಳ ಕಚೇರಿವರೆಗೆ ಮೆರವಣಿಗೆ ನಡೆಸಿ, ಮಾನ್ಯ ರಾಷ್ಟ್ರಪತಿಗಳಿಗೆ ಜಿಲ್ಲಾಧಿಕಾರಿಗಳ ಮೂಲಕ ಮನವಿ ಸಲ್ಲಿಸಲಿದ್ದೇವೆ. ಸುಮಾರು ______ ಜನ ಭಾಗವಹಿಸುತ್ತಾರೆ. ಸಂಚಾರಕ್ಕೆ ಅಡ್ಡಿಯಾಗದಂತೆ ರಸ್ತೆಯ ಎಡಬದಿಯಲ್ಲಿ ಸಾಗುತ್ತೇವೆ. ಒಂದು ಧ್ವನಿವರ್ಧಕ ಬಳಸುತ್ತೇವೆ. ನಮ್ಮ ಕಡೆಯಿಂದ ______ ಸ್ವಯಂಸೇವಕರು ಇರುತ್ತಾರೆ. ಸಂಪರ್ಕಕ್ಕೆ: ಹೆಸರು, ವಿಳಾಸ, ಮೊಬೈಲ್. ಯಾವುದಾದರೂ ಷರತ್ತು ಅಥವಾ ಆಕ್ಷೇಪಣೆ ಇದ್ದಲ್ಲಿ ಲಿಖಿತವಾಗಿ, ಮುಂಚಿತವಾಗಿ ತಿಳಿಸಬೇಕಾಗಿ ಕೋರುತ್ತೇವೆ.”

ಕೊನೆಯ ವಾಕ್ಯವೇ ಪತ್ರದ ಜೀವ. ಮರೆಯಬೇಡಿ.

ಪತ್ರ ಯಾವ ಠಾಣೆಗೆ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ನಗರ ಠಾಣೆ, ಬಡಾವಣೆ ಠಾಣೆ, ಪೆನ್ಷನ್ ಮೊಹಲ್ಲಾ ಠಾಣೆಗಳ ಸರಹದ್ದು ಒಂದೇ ಮೆರವಣಿಗೆಯಲ್ಲಿ ಬದಲಾಗಬಹುದು. ಕನಿಷ್ಠ ಒಂದು ವಾರ ಮುಂಚೆ ಕೊಡಿ. ಪ್ರತಿಗಳನ್ನು ಡಿವೈಎಸ್‌ಪಿ, ಎಸ್‌ಪಿ ಮತ್ತು ಜಿಲ್ಲಾಧಿಕಾರಿ ಕಚೇರಿಗಳಿಗೆ ಹಾಕಿ. ಪ್ರತಿ ಕಡೆಯೂ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸಹಿ ಬೀಳಬೇಕು. “ಇಟ್ಟು ಹೋಗಿ, ಸಾಹೇಬ್ರು ಬಂದ್ಮೇಲೆ ನೋಡ್ತಾರೆ” ಅಂದರೆ ಇಟ್ಟು ಬರಬೇಡಿ. ಕುಳಿತುಕೊಳ್ಳಿ. ಸಂಜೆವರೆಗೂ ಸೀಲು ಬೀಳದಿದ್ದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ಜೊತೆಗೆ ಇಮೇಲ್ ಕಳಿಸಿ.

ಪತ್ರಕ್ಕೆ ಸಹಿ ಯಾರದು ಎಂಬುದೂ ಮುಖ್ಯ. 2025ರಲ್ಲಿ ಮುಂಬೈಯ ಆಜಾದ್ ಮೈದಾನದಲ್ಲಿ ಗಾಜಾ ಯುದ್ಧದ ವಿರುದ್ಧ ಸಭೆಗೆ ಪೊಲೀಸರು ಒಪ್ಪಲಿಲ್ಲ. ಪೊಲೀಸರನ್ನು ಕೇಳಿದ್ದು ಒಂದು ಸಂಘಟನೆ, ಬಾಂಬೆ ಹೈಕೋರ್ಟಿಗೆ ಹೋದದ್ದು ಸಿಪಿಎಂ. ಜುಲೈನಲ್ಲಿ ಅರ್ಜಿ ವಜಾ ಆಯಿತು. ಅನುಮತಿ ಕೇಳಿದವರು ನೀವಲ್ಲವಲ್ಲ ಎಂಬ ಪ್ರಶ್ನೆ ಅಲ್ಲಿ ಎದ್ದಿತು, ಮೊದಲು ನಮ್ಮ ದೇಶದ ಸಮಸ್ಯೆ ನೋಡಿ ಎಂಬ ಬುದ್ಧಿಮಾತೂ ಪೀಠದಿಂದ ಬಂತು. ಮತ್ತೆ ಹೋರಾಡಿದ ಮೇಲೆ ಪೊಲೀಸರೇ ಆಗಸ್ಟ್ 20ಕ್ಕೆ ಅದೇ ಮೈದಾನ ಕೊಟ್ಟರು. ಬುದ್ಧಿಮಾತಿಗೆ ನನ್ನ ಬಳಿ ಮದ್ದಿಲ್ಲ. ತಾಂತ್ರಿಕ ಪ್ರಶ್ನೆಗೆ ಇದೆ: ನಾಳೆ ಕೋರ್ಟಿಗೆ ಹೋಗಬಲ್ಲವರೇ ಇಂದು ಪತ್ರಕ್ಕೆ ಸಹಿ ಹಾಕಲಿ.

ಎಸ್‌ಬಿಯಿಂದ ಫೋನ್

ಪತ್ರ ಕೊಟ್ಟ ಮೇಲೆ ಎಸ್‌ಬಿ, ಅಂದರೆ ಪೊಲೀಸರ ಮಾಹಿತಿ ಕಲೆಹಾಕುವ ಸ್ಪೆಷಲ್ ಬ್ರಾಂಚ್ ಸಿಬ್ಬಂದಿಯೊಬ್ಬರ ಫೋನ್ ಬರಬಹುದು. “ಎಷ್ಟ್ ಜನ ಬರ್ತಾರೆ ಸಾರ್? ಹೊರಗಡೆಯಿಂದ ಯಾರಾದ್ರೂ ಬರ್ತಾರಾ? ಪ್ರತಿಕೃತಿ ಗಿತಿಕೃತಿ ಏನೂ ಇಲ್ವಲ್ಲ?” ಇದು ಬೆದರಿಕೆಯಲ್ಲ, ಅವರ ದಿನದ ಕೆಲಸ. ಸಂಜೆಯೊಳಗೆ ಮೇಲಿನವರಿಗೆ ವರದಿ ಹೋಗಬೇಕು. ಪತ್ರದಲ್ಲಿ ಬರೆದದ್ದನ್ನೇ ಹೇಳಿ, ಒಂದು ಸಂಖ್ಯೆ ಹೆಚ್ಚೂ ಬೇಡ ಕಡಿಮೆಯೂ ಬೇಡ. ಐವತ್ತು ಜನ ಬರುವ ಕಡೆ ಐನೂರು ಎಂದು ಜಂಬ ಕೊಚ್ಚಿಕೊಂಡರೆ ಎರಡು ವ್ಯಾನು ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು) ಪಡೆ ಬಂದು ನಿಲ್ಲುತ್ತದೆ, ಬಂದ ಐವತ್ತರಲ್ಲಿ ಇಪ್ಪತ್ತು ಜನ ಅದನ್ನು ನೋಡಿಯೇ ಹಿಂದಿರುಗುತ್ತಾರೆ. ಬರುವವರ ಹೆಸರು, ನಂಬರಿನ ಪಟ್ಟಿ ಕೇಳಿದರೆ ಸಂಘಟಕರದ್ದು ಮಾತ್ರ ಕೊಡಿ.

ಹಳೇ ಹೋರಾಟಗಾರರ ಮನೆಗೆ ಕೆಲವೊಮ್ಮೆ ನೋಟಿಸ್ ಬರುತ್ತದೆ: ಶಾಂತಿ ಕಾಪಾಡುವುದಾಗಿ ಮುಚ್ಚಳಿಕೆ ಬರೆದುಕೊಡಿ ಎಂದು. ಹಿಂದೆ ಇದನ್ನು ಹಳೇ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ ಸಂಖ್ಯೆಯಿಂದ 107 ಎನ್ನುತ್ತಿದ್ದರು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಸೆಕ್ಷನ್ ಆಗಿದೆ. ಇದು ಶಿಕ್ಷೆಯಲ್ಲ, ಆದರೆ ಕಸದ ಬುಟ್ಟಿಗೆ ಹಾಕುವ ಕಾಗದವೂ ಅಲ್ಲ. ವಕೀಲರ ಜೊತೆ ಹೋಗಿ ಉತ್ತರ ಕೊಡಿ.

‘ಆಗಲ್ಲ’ ಎಂದರೆ

ಬಾಯಲ್ಲಿ ಹೇಳಿದ ‘ಆಗಲ್ಲ’ವನ್ನು ಕೋರ್ಟಿನ ಮುಂದೆ ಇಡುವುದು ಕಷ್ಟ. ಕಾಗದದಲ್ಲಿ ಬರೆದುಕೊಡಿ ಎಂದು ಕೇಳಿ. ಎಷ್ಟೋ ಸಲ ಇಷ್ಟು ಕೇಳಿದ ಕೂಡಲೇ ‘ಆಗಲ್ಲ’ ಹೋಗಿ ‘ಜಾಗ ಸ್ವಲ್ಪ ಬದಲಾಯ್ಸಿ’ ಎಂಬಲ್ಲಿಗೆ ಬರುತ್ತದೆ. ಅಲ್ಲಿಂದ ಮಾತುಕತೆ ಸಾಧ್ಯ.

ಬರೆದುಕೊಟ್ಟರೆ ಕಾರಣ ಓದಿ. ‘ವಿದೇಶಾಂಗ ನೀತಿಗೆ ವಿರುದ್ಧ’ ಎಂದಿದ್ದರೆ ವಕೀಲರಿಗೆ ಒಳ್ಳೆಯ ಅಸ್ತ್ರ ಸಿಕ್ಕಿತು ಅಂದುಕೊಳ್ಳಿ. ವಿದೇಶಗಳೊಂದಿಗಿನ ಸ್ನೇಹ ಸಂಬಂಧದ ಹೆಸರಿನಲ್ಲಿ ಮಾತಿನ ಮೇಲೆ ನಿರ್ಬಂಧ ಹೇರಬಹುದೆಂದು 1951ರ ಮೊದಲ ತಿದ್ದುಪಡಿ 19(2)ರಲ್ಲಿ ಸೇರಿಸಿತು, ನಿಜ. ಆದರೆ ಅದಕ್ಕೆ ಒಂದು ಕಾನೂನು ಬೇಕು, ನಿರ್ಬಂಧ ಸಮಂಜಸವಾಗಿರಬೇಕು. ಇನ್‌ಸ್ಪೆಕ್ಟರ್ ಅಭಿಪ್ರಾಯ ಕಾನೂನಲ್ಲ. ಅದಕ್ಕಿಂತ ಮುಖ್ಯವಾಗಿ, ಸಭೆ ಸೇರುವ ಹಕ್ಕಿಗೆ ಮಿತಿ ಹೇಳುವ 19(3)ರಲ್ಲಿ ಆ ಕಾರಣವೇ ಇಲ್ಲ. ಅಲ್ಲಿರುವುದು ದೇಶದ ಸಾರ್ವಭೌಮತೆ, ಅಖಂಡತೆ ಮತ್ತು ಸಾರ್ವಜನಿಕ ಸುವ್ಯವಸ್ಥೆ ಮಾತ್ರ.

‘ನಿಷೇಧಾಜ್ಞೆ ಇದೆ’ ಎಂದರೆ ಆದೇಶದ ಪ್ರತಿ ಕೇಳಿ. ಊರಲ್ಲಿ ಎಲ್ಲರೂ ಇನ್ನೂ 144 ಎನ್ನುತ್ತಾರೆ. ಹೊಸ ಸಂಹಿತೆಯಲ್ಲಿ ಅದು 163. ಹಾಸನದಂಥ ಜಿಲ್ಲೆಯಲ್ಲಿ ಅದನ್ನು ಹೊರಡಿಸುವುದು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಯಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು. ಇನ್‌ಸ್ಪೆಕ್ಟರ್ ಅಲ್ಲ. ಅವಧಿ 2 ತಿಂಗಳು ಮೀರುವಂತಿಲ್ಲ, ರಾಜ್ಯ ಸರ್ಕಾರ ಮಾತ್ರ ಇನ್ನೂ 6 ತಿಂಗಳವರೆಗೆ ವಿಸ್ತರಿಸಬಹುದು. ಅಭಿಪ್ರಾಯ ಹತ್ತಿಕ್ಕಲು ಇದನ್ನು ಬಳಸಬಾರದು, ಆದೇಶವನ್ನು ಪ್ರಕಟಿಸಬೇಕು ಎಂದು 2020ರಲ್ಲಿ ಕಾಶ್ಮೀರದ ಇಂಟರ್ನೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಹೈಕೋರ್ಟಿನದೂ ಒಂದಿದೆ: 2019ರ ಡಿಸೆಂಬರಿನಲ್ಲಿ ಪೌರತ್ವ ಕಾಯ್ದೆ ವಿರೋಧಿ ಹೋರಾಟದ ಹೊತ್ತಿಗೆ ಬೆಂಗಳೂರಿನಲ್ಲಿ ಹೇರಿದ್ದ ನಿಷೇಧಾಜ್ಞೆ ಕಾನೂನುಬಾಹಿರ ಎಂದು ಮುಖ್ಯ ನ್ಯಾಯಮೂರ್ತಿ ಎ.ಎಸ್. ಓಕ ಅವರ ಪೀಠ 2020ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು. ತೀರ್ಪು ಬಂದದ್ದು ಆಜ್ಞೆ ಮುಗಿದು ಎಷ್ಟೋ ದಿನದ ಮೇಲೆ ಎನ್ನುವುದನ್ನೂ ನೆನಪಿಡಿ. ಆಜ್ಞೆ ನಿಜವಾಗಿ ಜಾರಿಯಲ್ಲಿದ್ದರೆ ಸೇರಬೇಡಿ. ಅದನ್ನು ಪ್ರಶ್ನಿಸಲು ಸಂವಿಧಾನದ 226ನೇ ವಿಧಿಯಡಿ ಬೆಂಗಳೂರಿನ ಹೈಕೋರ್ಟ್ ಪೀಠಕ್ಕೆ ಹೋಗಿ. ಸಭಾಂಗಣದೊಳಗೆ ಸಭೆ ಮಾಡುವ ದಾರಿ ತೆರೆದಿದೆಯೇ ಎಂದು ಆದೇಶದ ಪ್ರತಿಯಲ್ಲೇ ನೋಡಿಕೊಳ್ಳಿ.

ಫಲಕ, ಘೋಷಣೆ, ಮೈಕು

ಬಟ್ಟೆಯ ಬ್ಯಾನರ್ ಬರೆಸಿ. ಪ್ಲಾಸ್ಟಿಕ್ ಫ್ಲೆಕ್ಸ್ 2016ರಿಂದ ರಾಜ್ಯದಲ್ಲಿ ನಿಷಿದ್ಧ, ಸುಮ್ಮನೆ ಅದಕ್ಕೊಂದು ತಕರಾರು ಏಕೆ? ಮೈಕಿಗೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಇಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ.

ಘೋಷಣೆಯನ್ನು ಮೊದಲೇ ಬರೆದು, ಓದಿ, ಹಂಚಿ. ಸರ್ಕಾರವನ್ನು, ಬಾಂಬನ್ನು, ಶಸ್ತ್ರಾಸ್ತ್ರ ವ್ಯಾಪಾರವನ್ನು ಎಷ್ಟು ಬೇಕಾದರೂ ಟೀಕಿಸಿ. ಒಂದು ಧರ್ಮವನ್ನೋ ಜನಾಂಗವನ್ನೋ ಬೈಯುವ ಒಂದೇ ಒಂದು ಸಾಲು ಬಂದರೂ ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ ಬಾಗಿಲಲ್ಲಿ ನಿಂತಿರುತ್ತದೆ, ಆಗ ಯುದ್ಧದ ಮಾತು ಯಾರ ಕಿವಿಗೂ ಬೀಳುವುದಿಲ್ಲ. ನಮ್ಮ ದೇಶವೇ ಯುದ್ಧದ ಅಂಚಿನಲ್ಲಿರುವ ದಿನಗಳಲ್ಲಿ ಇನ್ನೂ ಎಚ್ಚರ ಬೇಕು, ಆಗ ದೇಶದ ಸಾರ್ವಭೌಮತೆ, ಏಕತೆಗೆ ಧಕ್ಕೆ ತರುವ ಕೃತ್ಯಗಳ 152ನೇ ಸೆಕ್ಷನ್ ಹೆಸರು ಕೇಳಿಬರುತ್ತದೆ. ಆದರೆ ಸರ್ಕಾರದ ಕ್ರಮವನ್ನು ಕಾನೂನುಬದ್ಧ ದಾರಿಯಿಂದ ಬದಲಿಸಬೇಕೆಂದು ಟೀಕಿಸುವುದು ಅದರಡಿ ಅಪರಾಧವಲ್ಲ ಎಂಬ ವಿವರಣೆ ಅದೇ ಸೆಕ್ಷನ್ನಿನ ಕೆಳಗಿದೆ. ಆ ನಾಲ್ಕು ಸಾಲಿನ ಪ್ರಿಂಟ್ ಜೇಬಿನಲ್ಲಿರಲಿ. ಕವಿತೆ ಓದುವವರಿಗೊಂದು ಸಮಾಧಾನ: ಕವಿತೆಯೊಂದನ್ನು ಹಂಚಿಕೊಂಡಿದ್ದಕ್ಕೆ ಗುಜರಾತಿನಲ್ಲಿ ದಾಖಲಾಗಿದ್ದ ಎಫ್‌ಐಆರ್ ಅನ್ನು 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆ ಪೀಠದಲ್ಲಿದ್ದವರೂ ಅದೇ ನ್ಯಾಯಮೂರ್ತಿ ಓಕ.

ಪ್ರತಿಕೃತಿ ದಹನ ಬೇಡ. ಬೆಂಕಿ ಆರಿಸಲು ಪೊಲೀಸರು ನುಗ್ಗುತ್ತಾರೆ, ಎಳೆದಾಟವಾಗುತ್ತದೆ, ಮಾರನೇ ದಿನದ ಪೇಪರಿನಲ್ಲಿ ಎಳೆದಾಟದ ಫೋಟೊ ಮಾತ್ರ ಇರುತ್ತದೆ.

ಆ ದಿನ

ಮೂವರಿಗೆ ಮೂರು ಕೆಲಸ ಹಂಚಿ. ಒಬ್ಬರು ಪೊಲೀಸರೊಂದಿಗೆ ಮಾತಾಡುವವರು, ಅವರ ಕೈಯಲ್ಲಿ ಸೀಲು ಬಿದ್ದ ಪ್ರತಿಗಳ ಕಡತ. ಒಬ್ಬರು ಮೊದಲಿನಿಂದ ಕೊನೆವರೆಗೆ ವಿಡಿಯೊ ಮಾಡುವವರು, ಅವರು ಘೋಷಣೆ ಕೂಗಬಾರದು. ಒಬ್ಬರು ಹೊರಗೆ ನಿಂತಿರುವ ವಕೀಲರು, ಅವರು ಫಲಕ ಹಿಡಿಯಬಾರದು. ಎಲ್ಲರೂ ಮುಂದಿನ ಸಾಲಿನಲ್ಲಿ ನಿಂತು, ಎಲ್ಲರೂ ಒಂದೇ ವ್ಯಾನು ಹತ್ತಿ, ಹೊರಗೆ ಫೋನ್ ಎತ್ತಲು ಒಬ್ಬರೂ ಇಲ್ಲದ ಸ್ಥಿತಿ ನಮ್ಮ ಊರುಗಳ ಮಾಮೂಲು ಕಾಯಿಲೆ.

ಸಾರ್ವಜನಿಕ ಜಾಗದಲ್ಲಿ ಪೊಲೀಸರ ಕೆಲಸಕ್ಕೆ ಅಡ್ಡ ಬರದೆ ವಿಡಿಯೊ ಮಾಡಬಹುದು. ಅವರೂ ನಿಮ್ಮದನ್ನು ಮಾಡುತ್ತಿರುತ್ತಾರೆ.

ಚದುರಿ ಎಂಬ ಆದೇಶವನ್ನು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಅಥವಾ ಠಾಣಾಧಿಕಾರಿ, ಅವರಿಲ್ಲದಾಗ ಪಿಎಸ್‌ಐಗಿಂತ ಕೆಳಗಿನವರಲ್ಲದ ಅಧಿಕಾರಿ ಕೊಡಬಹುದು. ಇದು ನಾಗರಿಕ ಸುರಕ್ಷಾ ಸಂಹಿತೆಯ 148ನೇ ಸೆಕ್ಷನ್. ಐದು ಮತ್ತು ಹೆಚ್ಚು ಜನರಿದ್ದು ಶಾಂತಿಭಂಗದ ಸಂಭವ ಇದ್ದರೆ ಸಾಕು. ಆದೇಶ ಕೇಳಿದ ಮೇಲೆ ವಾದ ಅಲ್ಲಿ ಬೇಡ. ಸಮಯ ಬರೆದುಕೊಳ್ಳಿ, ಯಾರು ಹೇಳಿದರು ನೋಡಿಕೊಳ್ಳಿ, ಮೈಕಿನಲ್ಲಿ “ಸಭೆ ಮುಗಿಯಿತು” ಎಂದು ನೀವೇ ಘೋಷಿಸಿ. ಪ್ರತಿಭಟನಕಾರರು ಹತೋಟಿಗೆ ಬಂದ ಮೇಲೂ ಮಿತಿಮೀರಿದ ಬಲ ಬಳಸಿದ್ದಕ್ಕೆ ಜಮ್ಮು–ಕಾಶ್ಮೀರದ ಪ್ರಕರಣವೊಂದರಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿದೆ. ಕೋರ್ಟಿನಲ್ಲಿ ಗೆಲ್ಲಬೇಕಾದರೆ ನೀವು ಶಾಂತವಾಗಿದ್ದಿರಿ ಎಂಬುದು ವಿಡಿಯೊದಲ್ಲಿ ಕಾಣಬೇಕು.

ವ್ಯಾನು ಹತ್ತಿಸಿದರೆ

ಹೆಚ್ಚಿನ ಸಲ ನಡೆಯುವುದು ಇಷ್ಟೇ: ವ್ಯಾನಿನಲ್ಲಿ ಕೂರಿಸಿ ಯಾವುದಾದರೂ ಮೈದಾನಕ್ಕೋ ಸಭಾಂಗಣಕ್ಕೋ ಒಯ್ದು, ಸಂಜೆ ಬಿಟ್ಟುಬಿಡುತ್ತಾರೆ. ಪೇಪರಿನ ಭಾಷೆಯಲ್ಲಿ ‘ಬಂಧಿಸಿ, ನಂತರ ಬಿಡುಗಡೆ’. ಅದೇ ಸುರಕ್ಷಾ ಸಂಹಿತೆಯಲ್ಲಿ ಅಪರಾಧ ತಡೆಯಲು ಬಂಧಿಸುವ 170, ಪೊಲೀಸರ ನಿರ್ದೇಶನ ಪಾಲಿಸದವರನ್ನು ಹಿಡಿದಿಡುವ ಹೊಸ 172, ಎರಡರಲ್ಲೂ ಮಿತಿ 24 ಗಂಟೆ.

ವ್ಯಾನಿನಲ್ಲಿ ಕೂತ ಕೂಡಲೇ ಒಬ್ಬರು ಎಲ್ಲರ ಹೆಸರು ಬರೆದು, ಫೋಟೊ ತೆಗೆದು ಹೊರಗಿನ ವಕೀಲರಿಗೆ ಕಳಿಸಿ. ನಿಮ್ಮ ಹೆಸರು, ವಿಳಾಸ ಸರಿಯಾಗಿ ಹೇಳಿ, ಅದನ್ನು ಮುಚ್ಚಿಟ್ಟರೆ ಅದೇ ಬಂಧನಕ್ಕೆ ಕಾರಣವಾಗುತ್ತದೆ. ಉಳಿದ ಹೇಳಿಕೆಗಳನ್ನು ವಕೀಲರು ಬಂದ ಮೇಲೆ ಕೊಡಬಹುದು. ಬಂಧನದ ಕಾರಣ ತಿಳಿಸಬೇಕು (47), ಮನೆಯವರಿಗೆ ಅಥವಾ ನೀವು ಹೇಳಿದವರಿಗೆ ತಿಳಿಸಬೇಕು (48), ವಿಚಾರಣೆ ವೇಳೆ ವಕೀಲರನ್ನು ಕಾಣಲು ಬಿಡಬೇಕು (38), ವೈದ್ಯಕೀಯ ತಪಾಸಣೆ ಆಗಬೇಕು (53), 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು (58). ಮಹಿಳೆಯರನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ, ಅಸಾಧಾರಣ ಸಂದರ್ಭವಾದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ತರಬೇಕು. ನಮ್ಮ ಸಭೆಗಳಿಗೆ ನಿವೃತ್ತ ಮೇಷ್ಟ್ರುಗಳೇ ಹೆಚ್ಚು ಬರುವುದರಿಂದ ಇದನ್ನೂ ಹೇಳಿಬಿಡುತ್ತೇನೆ: 60 ದಾಟಿದವರನ್ನು 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಕ್ಕೆ ಬಂಧಿಸಲು ಡಿವೈಎಸ್‌ಪಿಯ ಅನುಮತಿ ಬೇಕು. ಫೋನ್ ತೆಗೆದುಕೊಂಡರೆ ಜಪ್ತಿ ಪಂಚನಾಮೆಯ ಪ್ರತಿ ಕೇಳಿ. ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಸಹಾಯವಾಣಿ 15100.

ಈ ಕಾಗದಗಳು ಪೊಲೀಸರಿಗೂ ಬೇಕು. ವಿಯೆಟ್ನಾಂ ಯುದ್ಧದ ವಿರುದ್ಧ 1971ರ ಮೇ 3ರಂದು ವಾಷಿಂಗ್ಟನ್ನಿನಲ್ಲಿ ಒಂದೇ ದಿನ 7,000ಕ್ಕೂ ಹೆಚ್ಚು ಜನರನ್ನು ಹಿಡಿದರು. ಬೇಗ ಹಿಡಿಯಬೇಕೆಂದು ಸ್ಥಳದಲ್ಲೇ ತುಂಬಬೇಕಾದ ಬಂಧನದ ನಮೂನೆಯನ್ನೇ ಪೊಲೀಸರು ಕೈಬಿಟ್ಟಿದ್ದರು. ಯಾರನ್ನು ಎಲ್ಲಿ, ಏಕೆ ಹಿಡಿದೆವೆಂದು ಕೋರ್ಟಿನಲ್ಲಿ ತೋರಿಸಲು ಏನೂ ಉಳಿಯಲಿಲ್ಲ. ಬಹುಪಾಲು ಪ್ರಕರಣಗಳು ಬಿದ್ದುಹೋದವು, ಮುಂದೆ ಬಂಧಿತರಲ್ಲಿ ಸಾವಿರಾರು ಜನರಿಗೆ ಪರಿಹಾರ ಸಿಕ್ಕಿತು.

ಮಾರನೇ ದಿನದಿಂದ

ಬಿಡುಗಡೆ ಆಯಿತೆಂದರೆ ಕೇಸು ಇಲ್ಲ ಎಂದಲ್ಲ. ರಾಜ್ಯ ಪೊಲೀಸರ ಜಾಲತಾಣದಲ್ಲಿ ಎಫ್‌ಐಆರ್ ಹುಡುಕಿ. 2016ರ ಸುಪ್ರೀಂ ಕೋರ್ಟ್ ಆದೇಶದಂತೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವು 24 ಗಂಟೆಯೊಳಗೆ ಅಲ್ಲಿ ಕಾಣಬೇಕು. ಸಾಮಾನ್ಯವಾಗಿ ಹಾಕುವುದು ನ್ಯಾಯ ಸಂಹಿತೆಯ ಸೆಕ್ಷನ್‌ಗಳು: ಅಕ್ರಮ ಕೂಟದ 189, ರಸ್ತೆ ತಡೆಯ 285, ಆದೇಶ ಉಲ್ಲಂಘನೆಯ 223. ಇವುಗಳಲ್ಲಿ 285ಕ್ಕೆ ಶಿಕ್ಷೆ 5,000 ರೂಪಾಯಿವರೆಗಿನ ದಂಡ ಮಾತ್ರ. 223 ಇದ್ದರೆ ವಕೀಲರು ಮೊದಲು ನೋಡಬೇಕಾದ್ದು, ಆದೇಶ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಿನವರು ನ್ಯಾಯಾಲಯಕ್ಕೆ ಲಿಖಿತ ದೂರು ಕೊಟ್ಟಿದ್ದಾರೆಯೇ ಎಂದು. ಆ ದೂರಿಲ್ಲದೆ ಬರೀ ಎಫ್‌ಐಆರ್ ಮೇಲೆ ಕೋರ್ಟು ಅದನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಪೊಲೀಸ್ ಪ್ರಮಾಣಪತ್ರ, ಪಾಸ್‌ಪೋರ್ಟ್ ಬೇಕಾಗಿರುವ ಹುಡುಗರಿಗೆ ಈ ಸಣ್ಣ ಕೇಸುಗಳೇ ದೊಡ್ಡ ತಲೆನೋವು, ಹಾಗಾಗಿ “ಏನೂ ಆಗಲ್ಲ ಬಿಡೋ” ಎಂದು ಯಾರಿಗೂ ಹೇಳಬೇಡಿ.

ಇನ್ನು ಡಿಸಿ ಕಚೇರಿಯಲ್ಲಿ ಕೊಟ್ಟ ಮನವಿ. ಅದಕ್ಕೂ ಟಪಾಲು ಸಂಖ್ಯೆ ಹಾಕಿಸಿಕೊಂಡಿರುತ್ತೀರಲ್ಲ, ತಿಂಗಳು ಕಳೆದ ಮೇಲೆ ಆ ಸಂಖ್ಯೆ ಹಾಕಿ ಒಂದು ಮಾಹಿತಿ ಹಕ್ಕು ಅರ್ಜಿ ಕೊಡಿ: ರಾಷ್ಟ್ರಪತಿಗಳಿಗೆ ಎಂದು ಯಾವ ದಿನ ರವಾನೆಯಾಯಿತು, ರವಾನೆ ಪತ್ರದ ನಕಲು ಕೊಡಿ. ಶುಲ್ಕ 10 ರೂಪಾಯಿ, ಅರ್ಜಿಗೂ ಒಂದು ಸೀಲು ಹಾಕಿಸಿಕೊಂಡು ಬನ್ನಿ.